ತೊಂಬತ್ತನೆಯ ದಿನದ ಸದ್ದು

ಶಿರಗುಂದಿ ಪಟ್ಟಣದ ನೀರಿನ ಕೊಳವೆಗಳಿಗೆ ಕಿವಿ ಬಂದು ಹನ್ನೊಂದು ವರ್ಷವಾಗಿತ್ತು. ಅಷ್ಟು ವರ್ಷ ಅವು ಕೇಳಿಸಿಕೊಂಡದ್ದರಲ್ಲಿ ಒಂದು ಸದ್ದಿನ ಬಗ್ಗೆ ಮೊದಲ ಸಲ ಸರಿಯಾದ ಪ್ರಶ್ನೆ ಎತ್ತಿದ್ದು ಎಂಜಿನಿಯರಲ್ಲ, ನಗರಸಭೆಯ ಕಾನೂನು ಅಧಿಕಾರಿ ಶಾಹಿದಾ ನದಾಫ್. ಅವಳಿಗೆ ಕೊಳವೆಗಳ ಮೇಲೆ ಅಂಥ ಆಸಕ್ತಿಯೇನೂ ಇರಲಿಲ್ಲ. 2041ರ ಜನವರಿಯ ಮೂರನೇ ವಾರ ಒಂದು ವಾಕ್ಯ ಬರೆಯಲಾಗದೆ ಕೂತಿದ್ದಳು, ಅಷ್ಟೆ.

ವಾಕ್ಯ ಇದು: 'ಪ್ರತಿ ತೊಂಬತ್ತನೆಯ ದಿನ ಅರ್ಜಿದಾರನು ನಗರಸಭೆಯ ಯಾವುದೇ ಕೆಲಸವನ್ನು ನಿರ್ವಹಿಸಿರುವುದಿಲ್ಲ.'

ಅರ್ಜಿದಾರ ಎಂದರೆ, ತನ್ನನ್ನು ಖಾಯಂ ಮಾಡಬೇಕೆಂದು ಕಾರ್ಮಿಕ ನ್ಯಾಯಾಲಯಕ್ಕೆ ಹೋಗಿದ್ದ ನಾಲ್ಕನೇ ವಲಯದ ವಾಲ್ವ್‌ಮನ್ ಯಮನಪ್ಪ ಕಟ್ಟೀಮನಿ. ಸರದಿಯಂತೆ ಓಣಿಗಳಿಗೆ ನೀರು ಬಿಡುವುದು, ನಿಲ್ಲಿಸುವುದು ಅವನ ಕೆಲಸ. ಮೂವತ್ತೊಂದು ವರ್ಷದಿಂದ ದಿನಗೂಲಿ. ರಾಜ್ಯದ ಹೊಸ ನಿಯಮದಂತೆ, 2039ರ ಡಿಸೆಂಬರ್ ಕೊನೆಗೆ ಹತ್ತು ವರ್ಷ ಎಡೆಬಿಡದೆ ದುಡಿದವರನ್ನು ಖಾಯಂ ಮಾಡಬೇಕಿತ್ತು. ನಡುವೆ ಒಂದು ದಿನ ತಪ್ಪಿದರೂ ಎಣಿಕೆ ಮತ್ತೆ ಒಂದರಿಂದ ಶುರು. ಈ ನಿಯಮ ಬರುವ ಎಷ್ಟೋ ಮೊದಲೇ ನಗರಸಭೆ ತನ್ನ ಜಾಗ್ರತೆ ಮಾಡಿಕೊಂಡಿತ್ತು. ದಿನಗೂಲಿಯವರಿಗೆ ಎಂಬತ್ತೊಂಬತ್ತು ದಿನಗಳ ಆದೇಶ ಕೊಡುವುದು, ತೊಂಬತ್ತನೆಯ ದಿನ ಹೆಸರು ಹೊಡೆದುಹಾಕುವುದು, ಮರುದಿನ ಹೊಸ ಆದೇಶ. ಕಚೇರಿಯಲ್ಲಿ ಆ ದಿನಕ್ಕೆ 'ಕತ್ತರಿ ದಿನ' ಎಂದೇ ಹೆಸರು. ಹತ್ತು ವರ್ಷದಲ್ಲಿ ಯಮನಪ್ಪನಿಗೆ ಅಂಥ ನಲವತ್ತು ದಿನಗಳು ಬಂದಿದ್ದವು.

ಬರುವ ಸೆಪ್ಟೆಂಬರಿಗೆ ಅವನಿಗೆ ಅರವತ್ತು. ಖಾಯಂ ಆದರೆ ಅಲ್ಲಿಯವರೆಗೆ ಕೆಲಸದಲ್ಲಿದ್ದು, ನೌಕರನಾಗಿ ನಿವೃತ್ತನಾಗುತ್ತಾನೆ. ಆಗದಿದ್ದರೆ, ಜೂನ್‌ನಲ್ಲಿ ಸ್ವಯಂಚಾಲಿತ ವಾಲ್ವುಗಳು ಬಂದ ದಿನ 'ನಾಳೆಯಿಂದ ಬರಬೇಡ' ಎಂದರೆ ಮುಗಿಯಿತು. ಅರ್ಧ ಊರಿಗೆ ನೀರು ಕುಡಿಸಿದವನು ಕಾಗದದ ಮೇಲೆ ಒಂದು ದಿನವೂ ನಗರಸಭೆಯವನಾಗಿರುವುದಿಲ್ಲ.

ಶಾಹಿದಾ ಹನ್ನೆರಡು ವರ್ಷದಲ್ಲಿ, ನಗರಸಭೆಯ ಪರವಾಗಿ ನ್ಯಾಯಾಲಯಕ್ಕೆ ಕೊಡುವ ಇಂಥ ಪ್ರಮಾಣಪತ್ರಗಳನ್ನು ಲೆಕ್ಕವಿಲ್ಲದಷ್ಟು ಬರೆದಿದ್ದಳು. ಈ ಸಲ ಪೆನ್ನು ನಿಂತದ್ದಕ್ಕೆ ಕಾರಣ ಅನುಕಂಪವಲ್ಲ, ಒಂದು ಸಣ್ಣ ಅನುಮಾನ. ತೊಂಬತ್ತನೆಯ ದಿನ ಯಮನಪ್ಪ ಕೆಲಸ ಮಾಡಲಿಲ್ಲವೆಂದರೆ, ಆ ನಲವತ್ತು ದಿನ ನಾಲ್ಕನೇ ವಲಯಕ್ಕೆ ನೀರು ಬಿಟ್ಟವರು ಯಾರು?

ವಾರ್ಡ್ ಕಚೇರಿಯ ರಿಜಿಸ್ಟರ್ ತರಿಸಿ ನೋಡಿದಳು. ನಲವತ್ತೂ ದಿನ 'ನೀರು ಬಿಡಲಾಗಿದೆ' ಎಂಬ ಮೊಹರು ಇತ್ತು. ಬಿಟ್ಟವರ ಹೆಸರಿನ ಜಾಗದಲ್ಲಿ 'ಬದಲಿ ವ್ಯವಸ್ಥೆ' ಎಂದು ಬರೆದಿತ್ತು. ಬದಲಿಗೆ ಬಂದವನ ಆದೇಶವಿಲ್ಲ, ಸಹಿಯಿಲ್ಲ.

*

ಮರುದಿನ ಬೆಳಿಗ್ಗೆ ಮನೆಯಲ್ಲಿ ಫೋನ್ ಸಣ್ಣಗೆ ಕೂಗಿತು. 'ನಿಮ್ಮ ಓಣಿಗೆ ಈಗ ನೀರು ಬಂದಿದೆ' ಎಂಬ ನಗರಸಭೆಯ ಸಂದೇಶ. ಶಾಹಿದಾ ನಲ್ಲಿ ತಿರುಗಿಸಲು ಎದ್ದಳು. ಅವಳ ತಾಯಿ ಬೀಬಿಜಾನ್ ಒಲೆಯ ಮುಂದಿನಿಂದ ಕದಲಲಿಲ್ಲ.

"ಕುಂದ್ರು, ಸುಮ್ನ. ಅದು ದಿನಾ ಸುಳ್ಳು ಹೇಳ್ತೈತಿ."

"ಬಂದೈತಿ ಅಂತ ಮೆಸೇಜ್ ಬಂದೈತಲ್ಲವ್ವ."

"ಮೆಸೇಜ್ ಕುಡೀತಿ ಏನ? ಯಮನಪ್ಪನ ಬಡಿತ ಬರ್ಲಿ, ಆಮ್ಯಾಲೆ ಕೊಡ ಇಡ್ತೀನಿ."

ಐದು ನಿಮಿಷದ ಮೇಲೆ ಬಚ್ಚಲ ಗೋಡೆಯೊಳಗಿನ ಕೊಳವೆ ತಾನಾಗಿ ಮಿಡಿಯಿತು. ಟಣ್, ಟಣ್, ಟಣ್. ಒಂದು ಉಸಿರಿನಷ್ಟು ಬಿಡುವು. ಟಣ್. ಬೀಬಿಜಾನ್ ಕೊಡ ಎತ್ತಿಕೊಂಡಳು.

ಕೊಳವೆ ಬಡಿಯುವ ರೂಢಿ ಶಾಹಿದಾ ಹುಟ್ಟಿದಾಗಿನಿಂದ ಇದ್ದದ್ದೇ. ಗಡಿಯಾರ ನೋಡುವ ರೂಢಿಯಿಲ್ಲದ ಓಣಿಗಳಿಗೆ ನೀರು ಬಂತೆಂದು ಹೇಳಲು ವಾಲ್ವ್‌ಮನ್‌ಗಳು ಕಬ್ಬಿಣದ ಕೊಳವೆಗೆ ವಾಲ್ವ್ ತಿರುಗಿಸುವ ಕೀಲಿಯಿಂದ ಬಡಿಯುತ್ತಿದ್ದರು. ಒಬ್ಬೊಬ್ಬರದು ಒಂದೊಂದು ಬಗೆ. ಯಮನಪ್ಪನದು ಮೂರರ ಮೇಲೆ ಒಂದು.

"ಅವ್ವ, ಇದು ಎಂದರ ತಪ್ಪೈತೇನು?"

"ಯಾವ್ದು?"

"ಈ ಬಡಿತ. ಬ್ಯಾರೆಯವರು ಬಂದು ಬಡದಿದ್ದು ನೆನಪೈತಿ?"

ಬೀಬಿಜಾನ್ ಮಗಳನ್ನು ಒಂದು ಕ್ಷಣ ನೋಡಿದಳು. "ಬ್ಯಾರೆಯವರು ಬಡದ್ರ ನನಗ ತಿಳೀತಿರ್ಲಿಲ್ಲೇನ? ಸೊಸಿ ಬಳಿ ಸಪ್ಪಳ ಬ್ಯಾರೆ, ಮಗಳ ಬಳಿ ಸಪ್ಪಳ ಬ್ಯಾರೆ." ಆಮೇಲೆ ಸೇರಿಸಿದಳು, "ಕೋರ್ಟಿಗೆ ಕರೀಬ್ಯಾಡ ಮತ್ತ. ನಂಗ ಮೊಣಕಾಲು ನೋವು."

ಕರೆದಿದ್ದರೂ ಆ ಸಾಕ್ಷ್ಯ ನಿಲ್ಲುತ್ತಿರಲಿಲ್ಲ. ಅಧಿಕಾರಿಯ ತಾಯಿ, ದಿನಾಂಕ ಹೇಳಲಾರಳು. ಆದರೆ ಅದೇ ಸದ್ದನ್ನು ಕೇಳಿಸಿಕೊಂಡು, ದಿನಾಂಕ ಮತ್ತು ವೇಳೆಯೊಂದಿಗೆ ಬರೆದಿಟ್ಟುಕೊಂಡವರು ಊರಿನಲ್ಲಿ ಇನ್ನೊಬ್ಬರಿದ್ದರು.

*

ಆಲಿಕೆ ಜಾಲದ ನಿಯಂತ್ರಣ ಕೊಠಡಿ ಹಳೆಯ ಪಂಪ್‌ಹೌಸ್‌ನ ಮಹಡಿಯಲ್ಲಿತ್ತು. ಊರಿನ ಕೊಳವೆಗಳಿಗೆ ನಾನೂರ ಹನ್ನೆರಡು ಕಿವಿಗಳು. ಪ್ರತಿಯೊಂದೂ ತೆಂಗಿನ ಕರಟದಷ್ಟು ದೊಡ್ಡದು, ವಾಲ್ವ್ ಗುಂಡಿಯೊಳಗೆ ಕೊಳವೆಗೆ ಅಂಟಿ ಕೂತದ್ದು. ಕೊಳವೆ ಎಲ್ಲಾದರೂ ಬಿರುಕು ಬಿಟ್ಟರೆ ನೀರು ಹಾವಿನಂತೆ ಬುಸುಗುಡುತ್ತದೆ. ಮನುಷ್ಯರಿಗೆ ಅದು ಕೇಳದು. ನೀರು ತುಂಬಿದ ಹಳೆಯ ಕಬ್ಬಿಣದಲ್ಲಿ ಸದ್ದು ಸೆಕೆಂಡಿಗೆ ಸುಮಾರು ಸಾವಿರದ ಇನ್ನೂರು ಮೀಟರ್ ಓಡುತ್ತದೆ. ಬಿರುಕಿನ ಎರಡೂ ಕಡೆಯ ಕಿವಿಗಳಲ್ಲಿ ಯಾವುದು ಎಷ್ಟು ಮೊದಲು ಕೇಳಿತು ಎಂದು ಗೊತ್ತಾದರೆ, ಎಲ್ಲಿ ಅಗೆಯಬೇಕೆಂದು ಗೊತ್ತಾಯಿತು. ಸಾವಿರದಲ್ಲೊಂದು ಸೆಕೆಂಡಿನ ವ್ಯತ್ಯಾಸಕ್ಕೆ ನಟ್ಟನಡುವಿನಿಂದ ಎರಡು ಅಡಿ. ಜಾಲ ಬರುವ ಮುಂಚೆ ಊರಿನ ಮೂರರಲ್ಲೊಂದು ಪಾಲು ನೀರು ನೆಲಕ್ಕೆ ಹೋಗುತ್ತಿತ್ತು. ಈಗ ಹತ್ತರಲ್ಲೊಂದು.

ಇದನ್ನೆಲ್ಲ ಸಹಾಯಕ ಎಂಜಿನಿಯರ್ ಶ್ರೀಶೈಲ ಹಳ್ಳೂರ ಉತ್ಸಾಹದಿಂದ ವಿವರಿಸಿದ. ಕಾನೂನು ವಿಭಾಗದಿಂದ ಯಾರೂ ಈವರೆಗೆ ಮಹಡಿ ಹತ್ತಿ ಬಂದಿರಲಿಲ್ಲ.

"ವಾಲ್ವ್‌ಮನ್ ಬಡಿಯೋದೂ ಇದಕ್ಕ ಕೇಳ್ತೈತೇನ್ರಿ?" ಎಂದಳು ಶಾಹಿದಾ.

"ಕೇಳ್ದೆ ಏನ್ರಿ! ಶುರುವಿನಾಗ ಅದ ದೊಡ್ಡ ಕಾಟ ಆಗಿತ್ತು. ಬಡದಾಗೊಮ್ಮೆ ಪೈಪ್ ಒಡೀತು ಅಂತ ಅಲಾರಂ. ಆಮ್ಯಾಲೆ ಹನ್ನೊಂದೂ ಮಂದಿ ಬಡಿತ ಅದಕ್ಕ ಕಲಿಸಿದ್ವಿ. ಎಷ್ಟು ಜೋರು, ನಡುವ ಎಷ್ಟು ಬಿಡುವು, ಎಲ್ಲಾ. ನಾವು ಅದಕ್ಕ ಕೈಗುರುತು ಅಂತೀವಿ. ಗುರುತು ಸಿಕ್ಕರ ಅವರ ಹೆಸರಿನಾಗ ಇಟ್ಟು ಸುಮ್ನಾಗ್ತೈತಿ."

"ಸಿಗದಿದ್ರ?"

"ಗದ್ದಲ, ವರ್ಗ ಏಳು. ಲಾರಿ ಗಾಲಿ, ಮಕ್ಕಳು ಕಲ್ಲು ಒಗೆಯೋದು, ಮದುವಿ ಬ್ಯಾಂಡು. ಟೆಂಡರಿನಾಗ ಹನ್ನೆರಡು ವರ್ಷ ಇಡಬೇಕು ಅಂತೈತಿ, ಅದಕ್ಕ ಇಟ್ಟೇವಿ."

"ನಾಲ್ಕನೇ ವಲಯದ್ದು, ವರ್ಗ ಏಳು, ಹತ್ತು ವರ್ಷದ್ದು ತೋರಸ್ರಿ."

ಪರದೆಯ ಮೇಲೆ ಹುಲ್ಲಿನಂತೆ ಸಣ್ಣ ಗೆರೆಗಳು ಹಬ್ಬಿದವು. ಅವುಗಳ ನಡುವೆ, ಬೇಲಿಗೂಟಗಳ ಹಾಗೆ, ಸಮ ಅಂತರದಲ್ಲಿ ಎತ್ತರದ ಗೆರೆಗಳು ನಿಂತಿದ್ದವು. ಶಾಹಿದಾ ಎರಡು ಗೂಟಗಳ ನಡುವಿನ ದಿನಗಳನ್ನು ಎಣಿಸಿದಳು. ತೊಂಬತ್ತು. ಮುಂದಿನವೆರಡರ ನಡುವೆಯೂ ತೊಂಬತ್ತು.

"ಇದು ಏನ್ರಿ?"

"ಅದಾ?" ಶ್ರೀಶೈಲನ ಮುಖ ಅರಳಿತು. "ಅದರ ಮ್ಯಾಲೆ ನಾನs ಒಂದು ಪ್ರಬಂಧ ಓದೀನ್ರಿ. ಹಳೆ ಕಬ್ಬಿಣದ ತ್ರೈಮಾಸಿಕ ಸಂಕೋಚನ. ಋತು ಬದಲಾದಂಗ ಕೊಳವಿ ಕುಗ್ಗಿ ಸದ್ದು ಮಾಡ್ತೈತಿ." ಕಪಾಟಿನ ಮೇಲೆ, ವಿಚಾರ ಸಂಕಿರಣದಲ್ಲಿ ಕೊಟ್ಟ ಸ್ಮರಣಿಕೆ ಇತ್ತು.

"ಕಬ್ಬಿಣಕ್ಕ ತೊಂಬತ್ತು ದಿನ ಅಂತ ಹ್ಯಾಂಗ ಗೊತ್ತಾತು? ಒಂದ್ಸಲ ಎಂಬತ್ತೆಂಟಕ್ಕ, ಒಂದ್ಸಲ ತೊಂಬತ್ತೈದಕ್ಕ ಕುಗ್ಗಬಾರದೇನು?"

ಶ್ರೀಶೈಲ ಪರದೆಯತ್ತ ಬಾಗಿ ಗೂಟಗಳ ನಡುವಿನ ದಿನಗಳನ್ನು ತಾನೂ ಎಣಿಸತೊಡಗಿದ.

"ಕೇಳಸ್ರಿ," ಎಂದಳು.

ಅವನು ಒಂದು ಗೂಟವನ್ನು ಒತ್ತಿದ. ಕೊಠಡಿಯ ಧ್ವನಿವರ್ಧಕದಲ್ಲಿ ಅವಳ ಬಚ್ಚಲ ಗೋಡೆ ಮಿಡಿಯಿತು. ಟಣ್, ಟಣ್, ಟಣ್. ಬಿಡುವು. ಟಣ್.

ಶ್ರೀಶೈಲ ಬಹಳ ಹೊತ್ತು ಕೀಲಿಮಣೆ ಕುಟ್ಟಿದ ಮೇಲೆ ತಪ್ಪು ಸಿಕ್ಕಿತು. ತಪ್ಪು ಯಂತ್ರದ್ದಲ್ಲ. ಅದು ಮೊದಲ ಕತ್ತರಿ ದಿನದಂದೇ ಸದ್ದನ್ನು ಗುರುತಿಸಿ, 'ಕಟ್ಟೀಮನಿ, ನೂರಕ್ಕೆ ತೊಂಬತ್ತೆಂಟು' ಎಂದು ಬರೆದುಕೊಂಡಿತ್ತು. ಆಮೇಲೆ ನಿಯಮದಂತೆ ಹಾಜರಿ ಪಟ್ಟಿ ನೋಡಿತ್ತು. ಪಟ್ಟಿಯಲ್ಲಿ ಕಟ್ಟೀಮನಿ ಇರಲಿಲ್ಲ. ಹಾಜರಿಯಲ್ಲಿ ಇಲ್ಲದವನು ಬಡಿಯುವುದು ಸಾಧ್ಯವಿಲ್ಲವಾದ್ದರಿಂದ, ಅದು ಗದ್ದಲ. ಕಿವಿಗೂ ಪಟ್ಟಿಗೂ ತಕರಾರು ಬಂದರೆ ಪಟ್ಟಿಯನ್ನೇ ನಂಬಬೇಕೆಂದು ಹೇಳಿಕೊಟ್ಟವನು ಶ್ರೀಶೈಲನೇ.

"ಸರ್ಕಾರಿ ಯಂತ್ರ ಅಲ್ಲೇನ್ರಿ ಮೇಡಂ," ಎಂದು ಅವನು ಪೆಚ್ಚಾಗಿ ನಕ್ಕ.

ಶಾಹಿದಾ ಗೂಟಗಳನ್ನು ಎಣಿಸಿದಳು. ಎರಡನೇ ಸಲವೂ ಎಣಿಸಿದಳು. ಮೂವತ್ತೊಂಬತ್ತು.

ಇಪ್ಪತ್ತೇಳನೆಯದು ಇರಲಿಲ್ಲ. 2036ರ ಆಗಸ್ಟ್ 26, ಬೆಳಗಿನ ಆರು ಗಂಟೆ: ಬರಿ ಬಯಲು. ಮೂವತ್ತೊಂಬತ್ತು ದಿನ ದುಡಿದು ಒಂದು ದಿನ ತಪ್ಪಿದ್ದರೆ, ನಿಯಮದ ಕಣ್ಣಿಗೆ ನಲವತ್ತೂ ತಪ್ಪಿದಂತೆಯೇ. ಎಣಿಕೆ ಆ ಆಗಸ್ಟಿನಿಂದ ಮತ್ತೆ ಶುರುವಾಗಿ, ಮೂರು ವರ್ಷ ನಾಲ್ಕು ತಿಂಗಳಿಗೆ ನಿಲ್ಲುತ್ತಿತ್ತು.

*

ಫೆಬ್ರುವರಿ ಒಂದು ಮತ್ತೊಂದು ಕತ್ತರಿ ದಿನ. ಬೆಳಕು ಹರಿಯುವ ಹೊತ್ತಿಗೆ ಶಾಹಿದಾ ತನ್ನ ಓಣಿಯ ತಿರುವಿನ ವಾಲ್ವ್ ಗುಂಡಿಯ ಹತ್ತಿರ ಹೋಗಿ ನಿಂತಳು. ಎದುರು ಪಕ್ಷದವನೊಂದಿಗೆ ಪ್ರಕರಣದ ಮಾತಾಡುವಂತಿಲ್ಲ. ಆದರೆ ಓಣಿಯಲ್ಲಿ ನಿಂತು ನೋಡಬಾರದೆಂದು ಯಾವ ಕಾನೂನೂ ಇಲ್ಲ.

ಯಮನಪ್ಪ ಸೈಕಲ್ ಮೇಲೆ ಬಂದ. ಹೆಗಲ ಮೇಲೆ ಇಂಗ್ಲಿಷಿನ ಟಿ ಅಕ್ಷರದಂಥ ಉದ್ದನೆಯ ಕೀಲಿ, ತಲೆಗೆ ಬಿಳಿ ಟವೆಲು. ಅವಳನ್ನು ಕಂಡವನೇ ಸೈಕಲ್ ನಿಲ್ಲಿಸಿದ.

"ಶರಣ್ರೀ ವಕೀಲಬಾಯಾರ. ನಾ ಬಂದೇನೋ ಇಲ್ಲೋ ಅಂತ ನೋಡಾಕ ಬಂದ್ರೇನು?"

"ಕೇಸಿನ ಮಾತು ಬ್ಯಾಡ್ರಿ ಯಮನಪ್ಪ."

"ಬ್ಯಾಡಂದ್ರ ಬ್ಯಾಡ. ನೀವು ಕೋರ್ಟಿನಾಗ ನಾ ಇಲ್ಲ ಅಂತೀರಿ, ನಾ ಇಲ್ಲಿ ನಿಮ್ಮನಿಗೇ ನೀರ ಬಿಡ್ತೀನಿ. ಇಬ್ಬರದೂ ನಡೀಲಿ." ನಗುತ್ತಲೇ ಗುಂಡಿಯ ಮುಚ್ಚಳ ಎತ್ತಿದ. ಮೊದಲು ಕೀಲಿಯ ಒಂದು ತುದಿಯನ್ನು ಕೊಳವೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು ಕಣ್ಣು ಮುಚ್ಚಿದ. "ಗಾಳಿ ಐತಿ. ಇನ್ನೊಂದು ನಿಮಿಷ."

"ಇವತ್ತು ಹಾಜರಿ ಇಲ್ಲಲ್ರಿ ನಿಮಗ," ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಹೆಬ್ಬೆಟ್ಟು ಒತ್ತಿದ್ರ ಮಿಷನ್ನು ಹೆಸರಿಲ್ಲ ಅಂತೈತ್ರಿ. ರೂಲು ನನಗ ಐತಿ, ನೀರಿಗಿಲ್ಲಲ್ರಿ. ಇವತ್ತು ಬಿಡದಿದ್ರ ನಾಳಿ ಎಲ್ಲಾರೂ ನಮ್ಮನಿ ಮುಂದ ಕೊಡ ಹಿಡಕೊಂಡು ನಿಂದರ್ತಾರ. ಅವ್ರು ರೂಲು ಕೇಳ್ತಾರೇನು?" ಕೀಲಿ ತಿರುಗಿಸಿದ. ನೆಲದೊಳಗೆ ನೀರು ಗುಡುಗಿತು. ಆಮೇಲೆ ಬಡಿದ. ಮೂರು. ಬಿಡುವು. ಒಂದು.

"ಮೂರರ ಮ್ಯಾಲೆ ಒಂದು ಯಾಕ್ರಿ?" ಇದಾದರೂ ಪ್ರಕರಣದ ಮಾತಲ್ಲ ಎಂದು ಕೇಳಿದಳು.

"ಮೂರಂದ್ರ ನೀರು ಬಂತು ಅಂತ. ಕಡೀದು ಅಂದ್ರ, ಮೊದಲ್ನೇ ನೀರು ರಾಡಿ ಐತಿ, ಹರಿಬಿಡ್ರಿ, ಆಮ್ಯಾಲೆ ತುಂಬ್ರಿ ಅಂತ. ನಿಮ್ಮವ್ವಗ ಗೊತ್ತೈತಿ, ಕೇಳ್ರಿ." ಗುಂಡಿಯೊಳಗಿನ ಕರಟದಂಥ ಕಿವಿಯನ್ನು ಟವೆಲಿನ ಅಂಚಿನಿಂದ ಒರೆಸಿ, ಮುಚ್ಚಳ ಎಳೆದ. "ಈ ಕಿವಡ ನನ್ನ ಮಗನಿಗೂ ಕೇಳ್ತೈತಂತ. ಐದು ವರ್ಷದ ಹಿಂದ ಇದರ ಬ್ಯಾಟ್ರಿ ಶೆಲ್ ಸತ್ತಿದ್ವು. ಶೆಲ್ ಹಾಕಿ ಎಬ್ಬಿಸಿದಾವ್ನೂ ನಾನs. ಒಂದs ದಿನಕ್ಕ ಮೂವತ್ತೆಂಟು ಗುಂಡಿ ಇಳದು ಹತ್ತೀನಿ, ಬೆನ್ನು ಇನ್ನೂ ನೆನಸ್ತೈತಿ."

ಸೈಕಲ್ ತಿರುವು ದಾಟಿ ಹೋಯಿತು. ಶಾಹಿದಾ ಅಲ್ಲೇ ನಿಂತಿದ್ದಳು. ಸಾಕ್ಷಿ ಹೇಳಿದ್ದನ್ನು ತೂಗುವ ಮೊದಲು, ಘಟನೆಯ ದಿನ ಸಾಕ್ಷಿಯೇ ಸ್ಥಳದಲ್ಲಿದ್ದನೋ ಎಂದು ನೋಡಬೇಕು. ಕಾನೂನು ಕಾಲೇಜಿನ ಎರಡನೇ ವರ್ಷದಲ್ಲಿ ಕಲಿತದ್ದು. ಅವಳು ಯಮನಪ್ಪನ ಹಾಜರಿ ನೋಡಿದ್ದಳು. ಯಂತ್ರದ ಹಾಜರಿ ನೋಡಿರಲಿಲ್ಲ.

*

"ಐದು ವರ್ಷದ ಹಿಂದ ನಾಲ್ಕನೇ ವಲಯದ ಶೆಲ್ ಬದಲಾಯಿಸಿದ್ದು ಯಾವ ತಾರೀಖು?" ಎಂದು ನಿಯಂತ್ರಣ ಕೊಠಡಿಯ ಬಾಗಿಲಲ್ಲೇ ಕೇಳಿದಳು.

ಶ್ರೀಶೈಲ ನಿರ್ವಹಣೆಯ ಪುಟ ತೆಗೆದ. 2036ರ ಆಗಸ್ಟ್ 26. ಬೆಳಗಿನ ಐದಕ್ಕೆ ಆ ವಲಯದ ಮೂವತ್ತೆಂಟು ಕಿವಿಗಳನ್ನೂ ಆರಿಸಲಾಗಿತ್ತು. ಆರು ಗಂಟೆಯ ಜಾಗ ಖಾಲಿ ಕಂಡದ್ದು ಬಡಿಯುವವನು ಇಲ್ಲದ್ದಕ್ಕಲ್ಲ. ಕೇಳುವವರು ಯಾರೂ ಎಚ್ಚರವಿರಲಿಲ್ಲ.

"ಹಾಕಿದವರ ಹೆಸರು?"

"ವಲಯದ ಸಿಬ್ಬಂದಿ ಅಂತ ಐತ್ರಿ. ಹೆಸರು ಬರೆಯೋ ಹಂಗಿರ್ಲಿಲ್ಲ, ಕತ್ತರಿ ದಿನ ನೋಡ್ರಿ." ಹೇಳುತ್ತಲೇ ಅವನು ಕುರ್ಚಿಯಲ್ಲಿ ನೆಟ್ಟಗಾದ. "ಮೇಡಂ, ತಡೀರಿ. ಹೊಸ ಶೆಲ್ ಹಾಕಿದ ಕೂಡ್ಲೆ, ಹಾಕಿದವರು ಒಂದ್ಸಲ ಪೈಪಿಗೆ ಬಡೀಬೇಕು. ಕಿವಿ ಸರಿ ಐತೋ ಇಲ್ಲೋ ನೋಡಾಕ. ಅದು ಗದ್ದಲದಾಗ ಹೋಗೂದಿಲ್ಲ, ಬ್ಯಾರೆ ಕಡೆ ಇರ್ತೈತಿ. ಮಾದರಿ ಸದ್ದು."

ಮೂವತ್ತೆಂಟು ಕಡತಗಳು ಸಾಲಾಗಿ ತೆರೆದುಕೊಂಡವು. ಬೆಳಗಿನ ಆರೂವರೆಯಿಂದ ಮಧ್ಯಾಹ್ನ ನಾಲ್ಕರವರೆಗೆ, ಗುಂಡಿಯಿಂದ ಗುಂಡಿಗೆ, ಮೂರರ ಮೇಲೆ ಒಂದು. ಅವತ್ತಿನಿಂದ ಇವತ್ತಿನವರೆಗೆ ನಾಲ್ಕನೇ ವಲಯದ ಪ್ರತಿಯೊಂದು ಕಿವಿಯೂ ದಿನಾ ಬೆಳಿಗ್ಗೆ ತನ್ನನ್ನು ತಾನು ಸರಿನೋಡಿಕೊಳ್ಳುತ್ತಿದ್ದದ್ದು ಆ ಬಡಿತವನ್ನು ಒರೆಗಲ್ಲಾಗಿ ಇಟ್ಟುಕೊಂಡು. ಹಾಜರಿ ಪಟ್ಟಿಯ ಪ್ರಕಾರ ಅದನ್ನು ಬಡಿದವನು ಯಾರೂ ಅಲ್ಲ.

*

ಪೌರಾಯುಕ್ತ ವಿವೇಕ ತೇಲಿ ಕೆಟ್ಟ ಅಧಿಕಾರಿಯಲ್ಲ. ಕಡತ ತಡೆಯುವುದಿಲ್ಲ, ದನಿ ಏರಿಸುವುದಿಲ್ಲ. ಶಾಹಿದಾ ಹೇಳಿದ್ದನ್ನು ಕೊನೆಯವರೆಗೆ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ನೀವಿದನ್ನ ನನಗ ಹೇಳಬಾರದಿತ್ತು."

"ಯಾಕ್ರಿ ಸರ್?"

"ನಿನ್ನೆ ತನಕ ನಾನು ಅದಕ್ಕ ಆರಾಮ ಸಹಿ ಹಾಕ್ತಿದ್ದೆ. 'ನನ್ನ ತಿಳಿವಳಿಕೆಯಂತೆ ಸತ್ಯ' ಅಂತ. ಈಗ ತಿಳಿವಳಿಕೆ ಬಂತಲ್ಲ!"

"ಸಹಿ ನಿಮ್ದು ಸರ್. ಹಾಕೂದಕ್ಕ ಮೊದಲು ನಮ್ಮ ಪಂಪ್‌ಹೌಸ್ ಮಹಡಿ ಮ್ಯಾಲೆ ಏನೈತಿ ಅಂತ ಹೇಳೋದು ನನ್ನ ಕೆಲಸ."

ತೇಲಿ ಕಿಟಕಿಯ ಹೊರಗೆ ನೋಡಿದ. ಅಂಗಳದಲ್ಲಿ ಕಸದ ಗಾಡಿಗಳು ತೊಳೆಸಿಕೊಳ್ಳುತ್ತಿದ್ದವು. ತೊಳೆಯುತ್ತಿದ್ದವರೂ ಎಂಬತ್ತೊಂಬತ್ತು ದಿನದವರೇ. "ಇವನೊಬ್ಬಂದು ಅಲ್ರಿ ಇದು. ಮುನ್ನೂರ ಹನ್ನೆರಡು ಮಂದಿ ಅದಾರ. ನಾಳಿ ಎಲ್ಲಾರೂ ಬರ್ತಾರ." ಆಮೇಲೆ ಅವನ ಮುಖ ತಿಳಿಯಾಯಿತು. "ಅಂದಹಾಗೆ, ಆ ಸದ್ದು ಬಳಸಾಕ ಬರೂದಿಲ್ಲಲ್ರಿ. ನಾವು ಕೋರ್ಟಿಗೆ ಮುಚ್ಚಳಿಕೆ ಬರ್ದುಕೊಟ್ಟೀವಿ."

ಅದು ನಿಜವಾಗಿತ್ತು. ಜಾಲ ಬಂದಾಗ, ನೆಲದೊಳಗಿನ ಕಿವಿ ತಮ್ಮ ಹೆಜ್ಜೆ ಎಣಿಸುತ್ತದೆಂದು ಹೆದರಿ ಪೌರಕಾರ್ಮಿಕರ ಸಂಘ ನ್ಯಾಯಾಲಯಕ್ಕೆ ಹೋಗಿತ್ತು. ಮುಂದಾಳುಗಳಲ್ಲಿ ಯಮನಪ್ಪನೂ ಒಬ್ಬ. ಆಗ ನಗರಸಭೆ ಲಿಖಿತವಾಗಿ ಕೊಟ್ಟ ಮಾತು: 'ಆಲಿಕೆ ಜಾಲದ ಯಾವುದೇ ಧ್ವನಿಯನ್ನು ನಗರಸಭೆಯ ಯಾವುದೇ ನೌಕರನ ಸೇವಾ ವಿಷಯದಲ್ಲಿ ಬಳಸತಕ್ಕದ್ದಲ್ಲ.' ತನ್ನನ್ನು ಯಂತ್ರದಿಂದ ಕಾಯಲು ಯಮನಪ್ಪ ಹಾಕಿಸಿದ ಬೇಲಿಯೇ ಈಗ ಅವನ ಸಾಕ್ಷಿಯನ್ನು ಹೊರಗಿಟ್ಟಿತ್ತು.

ಶಾಹಿದಾ ಎರಡು ರಾತ್ರಿ ಆ ಸಾಲನ್ನೇ ಯೋಚಿಸಿದ್ದಳು. ಕಡತದಿಂದ ಎರಡು ಹಾಳೆ ತೆಗೆದು ಅಕ್ಕಪಕ್ಕ ಇಟ್ಟಳು.

"ಇದು ಆ ಮುಚ್ಚಳಿಕೆ ಸರ್. ನೌಕರರಿಗೆ ಮಾತ್ರ ಅನ್ವಯ. ಇದು ಹೋದ ವರ್ಷ ನಾವು ಕೊಟ್ಟ ತಕರಾರು. 'ಅರ್ಜಿದಾರನು ನಗರಸಭೆಯ ನೌಕರನೇ ಅಲ್ಲ' ಅಂದೀವಿ. ನೌಕರ ಅಲ್ಲ ಅಂದ್ರ ಮುಚ್ಚಳಿಕೆ ಅವನಿಗೆ ಹತ್ತೂದಿಲ್ಲ, ಸದ್ದು ಕೋರ್ಟಿಗೆ ಹೋಗ್ತೈತಿ. ಹತ್ತತೈತಿ ಅಂದ್ರ, ನೌಕರ ಅಂತ ನಾವs ಒಪ್ಪಿದಂಗಾತು. ಹಂಗಂದ ಮ್ಯಾಲೆ ಕೇಸ್ ಎಲ್ಲಿ ಉಳೀತು?"

ತೇಲಿ ಎರಡೂ ಹಾಳೆಗಳನ್ನು ಓದಿದ. ಮತ್ತೊಮ್ಮೆ, ಹಿಂದುಮುಂದಾಗಿ ಓದಿದ. ಚದುರಂಗದಲ್ಲಿ ಎದುರಾಳಿಯ ನಡೆಯನ್ನು ಮೆಚ್ಚುವವನ ನಗೆಯೊಂದು ಅವನ ತುಟಿಯ ಅಂಚಿಗೆ ಬಂತು.

"ನೀವು ಯಾರ ವಕೀಲ್ರು, ನದಾಫ್?"

"ನಿಮ್ಮವಳೇ ಸರ್. ಸುಳ್ಳು ಪ್ರಮಾಣದ ಕೇಸಿನಾಗ ನಿಮ್ಮನ್ನ ಬಿಡಿಸೋದಕ್ಕಿಂತ ಇದು ಹಗೂರ."

ತೇಲಿ ಕೆಂಪು ಪೆನ್ನು ತೆಗೆದು, ಆ ವಾಕ್ಯದ ಮೇಲೆ ಅಡ್ಡಗೆರೆ ಎಳೆದ. ಅಂಚಿನಲ್ಲಿ ಬರೆದ: 'ದಾಖಲೆಗಳನ್ನು ಹಾಜರುಪಡಿಸಿ.' ಕಡತ ಕೊಡುವಾಗ ಕೇಳಿದ, "ಆ ಬಡಿತ ನಾನೊಂದ್ಸಲ ಕೇಳಬಹುದೇನು? ನಮ್ಮ ಕ್ವಾರ್ಟರ್ಸಿಗೆ ಟ್ಯಾಂಕ್ ಐತಿ, ಎಂದೂ ಕೇಳಿಲ್ಲ."

*

ಮಾರ್ಚ್‌ನ ಎರಡನೇ ವಾರ ಕಾರ್ಮಿಕ ನ್ಯಾಯಾಲಯದಲ್ಲಿ ಆ ಸದ್ದು ಕೇಳಿಸಿತು. ನ್ಯಾಯಾಧೀಶೆ ಎಲ್ಲ ನಲವತ್ತನ್ನೂ ಕೇಳಬೇಕೆಂದಳು. ಫ್ಯಾನು ನಿಲ್ಲಿಸಿದರು. ಮೂರರ ಮೇಲೆ ಒಂದು, ಮೂರರ ಮೇಲೆ ಒಂದು. ಹಿಂದಿನ ಬೆಂಚಿನಲ್ಲಿ ಯಾರೋ ಅದಕ್ಕೆ ತಕ್ಕಂತೆ ಕಾಲು ಕುಣಿಸತೊಡಗಿದರು. ಯಮನಪ್ಪ ಕಟಕಟೆಯಲ್ಲಿ ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ ನಿಂತಿದ್ದ.

ಮಾದರಿ ಸದ್ದಿನ ಸರದಿ ಬಂದಾಗ ಕಣ್ಣು ತೆರೆದ.

"ಇದು ನಿಮ್ಮದೇನಾ?" ಎಂದು ನ್ಯಾಯಾಧೀಶೆ ಕೇಳಿದಳು.

"ನಂದs ರಿ. ಆದ್ರ ಎರಡನೇದು ಹಗೂರ ಬಿದ್ದೈತಿ. ಅವತ್ತು ಶೆಲ್ಲಿನ ಮುಚ್ಚಳ ಬಿಚ್ಚೂ ಮುಂದ ಹೆಬ್ಬೆಟ್ಟು ಹರದಿತ್ರಿ." ಸಂಕೋಚದಿಂದ ಸೇರಿಸಿದ. "ಇಷ್ಟ ದಿನ ಇದನ್ನ ಇಟ್ಟುಕೊಂಡಾರಂತ ಗೊತ್ತಿದ್ರ ಇನ್ನೊಂದ್ಸಲ ಬಡೀತಿದ್ದೆ."

ನ್ಯಾಯಾಧೀಶೆ ನಗರಸಭೆಯ ಕಡೆ ತಿರುಗಿದಳು. "ಇವರು ನಿಮ್ಮ ನೌಕರರೋ, ಅಲ್ಲವೋ? ಒಂದೇ ಮಾತಿನಲ್ಲಿ ಹೇಳಿ."

ಶಾಹಿದಾ ಏಳುವ ಮೊದಲೇ ತೇಲಿ ಎದ್ದು ನಿಂತ. "ಆ ತಕರಾರನ್ನು ಹಿಂತೆಗೆದುಕೊಂಡಿದ್ದೇವೆ, ಮಹಾಸ್ವಾಮಿ."

"ಅದು ಒಂದು ಮಾತಲ್ಲ."

"ಹೌದು," ಎಂದ ತೇಲಿ. "ನೌಕರರು."

ಯಮನಪ್ಪ ಟವೆಲು ತೆಗೆದು ಮುಖ ಒರೆಸಿಕೊಂಡ. ಮತ್ತೆ ಒರೆಸಿಕೊಂಡ.

ಏಪ್ರಿಲ್ ಒಂಬತ್ತರಂದು ಆದೇಶ ಬಂತು. ಹತ್ತು ವರ್ಷದ ಸೇವೆಯಲ್ಲಿ ಎಡೆಯಿಲ್ಲ. 2040ರ ಜನವರಿ ಒಂದರಿಂದ ಖಾಯಂ. ಉಳಿದ ಮುನ್ನೂರ ಹನ್ನೊಂದು ಮಂದಿಯ ಅರ್ಜಿಗಳು ಅದರ ಬೆನ್ನಿಗೇ ಬಂದವು. ಅವರಲ್ಲಿ ಕೊಳವೆಗೆ ಬಡಿಯುವವರು ಹತ್ತು ಜನ ಮಾತ್ರ. ಕಸ ಗುಡಿಸುವವರ ಪೊರಕೆಯ ಸದ್ದನ್ನು ಕೇಳಿಸಿಕೊಂಡ ಯಂತ್ರ ಊರಿನಲ್ಲಿ ಇರಲಿಲ್ಲ. ಆ ಕಡತಗಳನ್ನು ಶಾಹಿದಾ ಮೇಜಿನ ಎಡಗಡೆ, ಕಣ್ಣಿಗೆ ಬೀಳುವಂತೆ ಪೇರಿಸಿಟ್ಟುಕೊಂಡಳು. ಯಾವುದಕ್ಕೂ ಹಳೆಯ ವಾಕ್ಯವನ್ನು ಇನ್ನೂ ಬರೆದಿರಲಿಲ್ಲ.

ಮೇ ಎರಡು ಹಳೆಯ ಎಣಿಕೆಯ ತೊಂಬತ್ತನೆಯ ದಿನ. ಅವತ್ತು ಬೆಳಿಗ್ಗೆ ಫೋನ್ ಕೂಗಿತು. ನೀರಿನ ಸಂದೇಶವಲ್ಲ, ಶ್ರೀಶೈಲ.

"ಮೇಡಂ, ವರ್ಗ ಏಳು ನೋಡಾಕತ್ತೀನಿ. ನಾಲ್ಕನೇ ವಲಯ ಖಾಲಿ. ಯಮನಪ್ಪ ಹೆಬ್ಬೆಟ್ಟು ಒತ್ತಿದ, ಮಿಷನ್ನು ತೊಗೊಂತು. ಬಡಿತ ಅವನ ಹೆಸರಿನಾಗ ಬಂದು ಕುಂತೈತಿ." ಅವನು ಗಂಟಲು ಸರಿಮಾಡಿಕೊಂಡ. "ಹಳೆ ಕಬ್ಬಿಣ ಇವತ್ತು ಕುಗ್ಗಲಿಲ್ರಿ."

"ಮತ್ತ ನಿಮ್ಮ ಸ್ಮರಣಿಕೆ?"

"ವಾಪಸ್ ತೊಗೊಳ್ರಿ ಅಂತ ಬರ್ದೀನ್ರಿ. ಹಂಗ ತೊಗೊಳಾಕ ರೂಲು ಇಲ್ಲಂತ."

ಬಚ್ಚಲ ಕಡೆಯಿಂದ ನೀರಿನ ಸದ್ದು ಬಂತು. ಬೀಬಿಜಾನ್ ನಲ್ಲಿ ತಿರುಗಿಸಿ, ಕೊಡವನ್ನು ಪಕ್ಕಕ್ಕೆ ಹಿಡಿದುಕೊಂಡು ನಿಂತಿದ್ದಳು. ಮೊದಲ ನೀರು ಕೆಂಪಾಗಿ ಮೋರಿಗೆ ಹರಿದುಹೋಗುತ್ತಿತ್ತು. ಅದು ತಿಳಿಯಾಗುವವರೆಗೆ ಕಾದು, ಕೊಡ ಇಟ್ಟಳು.